ನೂರ ನಲವತ್ತು ಬಿಲ್ಲೆಗಳು

ಬಿಲ್ಲೆಗಳ ಡಬ್ಬಿ ವರ್ಕ್‌ಶಾಪಿನಿಂದ ಹೊರಗೆ ಹೋದದ್ದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಒಯ್ದವನು ನೀಲಿ ಅಂಗಿ ತೊಟ್ಟಿದ್ದ. ರಸೀದಿ ಕೊಟ್ಟ, ಸಹಿ ಹಾಕಿಸಿಕೊಂಡ, ಬಾಯಾರಿಕೆ ಎಂದು ನೀರು ಕೇಳಿದ. ವಾಲ್ವಕ್ಕ ತಾನೇ ಒಳಗೆ ಹೋಗಿ ತಣ್ಣನೆಯ ನೀರು ತಂದುಕೊಟ್ಟಳು. ಆಮೇಲಿನ ದಿನಗಳಲ್ಲಿ ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಒಂದು ಲೋಟ ನೀರು.

ವಾಲ್ವಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಬಾಯ್ಲರುಗಳ ಸೇಫ್ಟಿ ವಾಲ್ವನ್ನು ಪರೀಕ್ಷಿಸಿ ಕೊಡುವುದು ಅವಳ ಕಸುಬು. ಅಪ್ಪನಿಂದ ಬಂದದ್ದು, ಇಪ್ಪತ್ತೆಂಟು ವರ್ಷಗಳಿಂದ ಅವಳ ಕೈಯಲ್ಲಿರುವುದು. ಲಾಂಡ್ರಿ, ಬೇಕರಿ, ಆಸ್ಪತ್ರೆಯ ಅಡುಗೆಮನೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಹೀಗೆ ಆವಿ ಬೇಕಾದ ಕಡೆಯಲ್ಲೆಲ್ಲ ಬಾಯ್ಲರ್ ಇರುತ್ತದೆ, ಬಾಯ್ಲರಿನ ನೆತ್ತಿಯ ಮೇಲೆ ಈ ವಾಲ್ವ್ ಇರುತ್ತದೆ. ಒಳಗಿನ ಒತ್ತಡ ಮಿತಿ ದಾಟಿದ ಕ್ಷಣವೇ ಅದು ತಾನಾಗಿ ಬಾಯಿ ತೆರೆದು ಆವಿಯನ್ನು ಹೊರಗೆ ಬಿಡಬೇಕು. ಬಿಡದೆ ಹೋದರೆ ಬಾಯ್ಲರಿಗೂ ಬಾಂಬಿಗೂ ವ್ಯತ್ಯಾಸವಿಲ್ಲ.

ಅವಳು ಒಂದೊಂದು ವಾಲ್ವನ್ನೂ ಮೇಜಿನ ಮೇಲಿನ ಯಂತ್ರಕ್ಕೆ ಕೂರಿಸಿ ಮೂರು ಸಲ ಹಾರಿಸಿ, ಅಂದರೆ ಒತ್ತಡ ಕೊಟ್ಟು ಬಾಯಿ ತೆರೆಸಿ ನೋಡುತ್ತಿದ್ದಳು. ಎರಡು ಸಲ ಸರಿಯಾಗಿ ಹಾರಿ ಮೂರನೆಯದಕ್ಕೆ ತಡವರಿಸಿದರೂ ಬಿಚ್ಚಿ ಮತ್ತೆ ಮೊದಲಿನಿಂದ. ಪರೀಕ್ಷೆ ಮುಗಿದ ಮೇಲೆ ತಂತಿ ಬಿಗಿದು, ತಂತಿಗೆ ನಾಣ್ಯದಗಲದ ಒಂದು ಹಿತ್ತಾಳೆ ಬಿಲ್ಲೆ ಕಟ್ಟುತ್ತಿದ್ದಳು. ಬಿಲ್ಲೆಯ ಮೇಲೆ ತ್ರಿಕೋನ, ಅದರೊಳಗೆ 417. ಅದು ಅವಳ ಲೈಸೆನ್ಸ್ ನಂಬರು. ಕೆಳಗೆ ತಿಂಗಳು, ವರ್ಷ, ಎಷ್ಟು ಒತ್ತಡಕ್ಕೆ ಹಾರಬೇಕು ಎಂಬ ಅಂಕಿ. ಆ ಬಿಲ್ಲೆ ನೋಡಿದವರು ಬಾಯ್ಲರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತೂಕಡಿಸಬಹುದಿತ್ತು.

ಪರೀಕ್ಷೆಯಾದ ಮೇಲೆಯೇ ಮುದ್ರೆ ಹಾಕಬೇಕು ಎಂಬುದು ನಿಯಮ. ಕಸುಬಿನವರ ರೂಢಿ ಬೇರೆ. ತ್ರಿಕೋನದ ಅಚ್ಚನ್ನು ಬಿಲ್ಲೆಯ ನಡುವೆ ಸೊಟ್ಟಗಾಗದಂತೆ ಕೂರಿಸಿ ಸುತ್ತಿಗೆಯಿಂದ ಒಂದೇ ಏಟು ಹೊಡೆಯುವುದು ತಾಳ್ಮೆಯ ಕೆಲಸ. ಹಾಗಾಗಿ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಒಟ್ಟಿಗೆ ಹೊಡೆದಿಟ್ಟು, ಇಪ್ಪತ್ತಿಪ್ಪತ್ತನ್ನು ತಂತಿಗೆ ಪೋಣಿಸಿ ಇಡುತ್ತಿದ್ದರು. ತಿಂಗಳು, ಅಂಕಿ ಆಮೇಲೆ. ಅಪ್ಪ ಹಾಗೆ ಮಾಡುತ್ತಿದ್ದ, ಅವಳೂ ಹಾಗೆ ಮಾಡುತ್ತಿದ್ದಳು, ಊರಿನ ಉಳಿದ ಮೂವರು ಪರೀಕ್ಷಕರೂ ಹಾಗೇ ಮಾಡುತ್ತಿದ್ದರು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ.

ಮಂಗಳವಾರ ಹೋದ ಡಬ್ಬಿಯಲ್ಲಿ ಅಂಥ ಏಳು ಸರ ಇದ್ದವು. ನೂರ ನಲವತ್ತು ಬಿಲ್ಲೆ. ಜೊತೆಗೆ ಏನೂ ಹೊಡೆಯದ ಅರವತ್ತು.

ಹಿಂದಿನ ದಿನ ಬಂದ ಫೋನು ಲೈಸೆನ್ಸ್ ಕಚೇರಿಯದು ಎಂದು ಆ ದನಿ ಹೇಳಿತ್ತು. “ಅಮ್ಮಾ, ನಾಲ್ಕುನೂರ ಹದಿನೇಳು ನೀವೇ ಅಲ್ವಾ? ಹೊಸ ನಮೂನೆ ಬಿಲ್ಲೆ ಬಂದಿದೆ. ಹಳೇದೆಲ್ಲ ವಾಪಸ್ ಕೊಡ್ಬೇಕು. ಮೂವತ್ತನೇ ತಾರೀಖಿನ ಮೇಲೆ ಹಳೇದು ಕಟ್ಟಿದ್ರೆ ಲೈಸೆನ್ಸ್ ರದ್ದಾಗುತ್ತೆ, ನಾನು ಏನೂ ಮಾಡೋಕಾಗಲ್ಲ.” ಲೈಸೆನ್ಸ್ ನವೀಕರಣದ ತಾರೀಖು ಆ ದನಿಗೆ ಗೊತ್ತಿತ್ತು. ಇನ್‌ಸ್ಪೆಕ್ಟರು ಕಳೆದ ಸಲ ಯಾವ ತಿಂಗಳು ಬಂದಿದ್ದರು ಎಂದೂ ಗೊತ್ತಿತ್ತು. ಆದರೂ ಅವಳು ಒಂದು ಕ್ಷಣ ತಡೆದಳು. ಆಗ ದನಿ ಸಣ್ಣಗೆ ನಕ್ಕಿತು. “ಮುದ್ರೆ ಹೊಡೆದಿಟ್ಟಿರೋದು ಇದ್ರೆ ಅದೂ ಹಾಕಿ ಕಳಿಸಿ ಅಮ್ಮಾ. ಎಲ್ರೂ ಹೊಡೆದಿಟ್ಟಿರ್ತಾರೆ. ನಾವೇನು ನಿನ್ನೆ ಮೊನ್ನೆ ಬಂದವರಾ? ಕೇಳಲ್ಲ ಬಿಡಿ.”

ಅವಳು ಬಿದ್ದದ್ದು ಆ ನಗೆಗೆ. ಕಸುಬಿನ ಗುಟ್ಟು ಗೊತ್ತಿದ್ದವನು ಹೊರಗಿನವನಾಗಿರಲು ಸಾಧ್ಯವಿಲ್ಲ ಎಂದುಕೊಂಡಳು. ಮೂರು ಸಲ ಹಾರದ ಹೊರತು ಯಾವ ವಾಲ್ವನ್ನೂ ನಂಬದವಳು ಒಂದು ದನಿಯನ್ನು ಒಂದೇ ಸಲಕ್ಕೆ ನಂಬಿದಳು.

ಎಂಟು ದಿನದಲ್ಲಿ ಬರಬೇಕಿದ್ದ ಹೊಸ ಬಿಲ್ಲೆಗಳು ಬರಲಿಲ್ಲ. ಒಂಬತ್ತನೆಯ ದಿನ ಆ ನಂಬರು ಸ್ವಿಚ್ ಆಫ್ ಆಗಿತ್ತು. ರಸೀದಿಯಲ್ಲಿದ್ದ ವಿಳಾಸಕ್ಕೆ ತಮ್ಮನನ್ನು ಕಳಿಸಿದಳು. ಬೀದಿ ಇತ್ತು, ಆ ನಂಬರಿನ ಕಟ್ಟಡ ಇರಲಿಲ್ಲ. ಲೈಸೆನ್ಸ್ ಕಚೇರಿಗೆ ಫೋನು ಮಾಡಿದರೆ ಅಲ್ಲಿನ ಗುಮಾಸ್ತೆ, “ಹೊಸ ಬಿಲ್ಲೆನಾ? ಹಳೇದಕ್ಕೇ ಹಿತ್ತಾಳೆ ಇಲ್ಲ ಅಂತಿದಾರೆ,” ಎಂದಳು.

ತಮ್ಮ ಅಂದರೆ ಅವಳಿಗಿಂತ ಆರು ವರ್ಷ ಚಿಕ್ಕವನು. ಅದೇ ವರ್ಕ್‌ಶಾಪಿನ ಹಿಂದಿನ ಅರ್ಧದಲ್ಲಿ ಲೇತ್ ನಡೆಸುವವನು. ವಿಳಾಸ ಹುಡುಕಿ ಸುಸ್ತಾಗಿ ಬಂದವನು ಸ್ಟೂಲಿನ ಮೇಲೆ ಕುಸಿದ.

“ಎದುರಂಗಡಿ ಟೈಲರ್ ಫೋನಲ್ಲಿ ಮೋಸ ಹೋದಾಗ ಏನಂದಿದ್ದೆ, ನೆನಪಿದೆಯಾ?”

“ಈಗ ಅದು ಬೇಕಾ?”

“‘ಗುಂಡಿಗೆ ಬೀಳೋರು ಗುಂಡೀನ ಕೇಳ್ಕೊಂಡು ಹೋಗಿ ಬೀಳ್ತಾರೆ’ ಅಂದಿದ್ದೆ. ಇಡೀ ಬೀದಿಗೆ ಕೇಳೋ ಹಾಗೆ.”

“ಅಂದೆ. ಈಗ ನೀನೂ ಅಂದುಬಿಡು, ಬಡ್ಡಿ ಸಮೇತ ತೀರಲಿ.”

ಅವನು ಅನ್ನಲಿಲ್ಲ. ಅದರ ಬದಲು ಕೇಳಿದ, “ಮುದ್ರೆ ಹೊಡೆದಿದ್ದು ಎಷ್ಟಿತ್ತು?”

ಅವಳು ಹೇಳಿದಳು. ಅವನು ಎದ್ದು ಹೋಗಿ ಲೇತ್ ನಿಲ್ಲಿಸಿ ಬಂದ. ಖಾಲಿ ತಿರುಗುತ್ತಿದ್ದ ಅದರ ಸದ್ದು ನಿಂತ ಮೇಲೆ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗಾಯಿತು.

“ನೋಡಕ್ಕ. ಬಿಲ್ಲೆ ಹೋಯ್ತು ಅಂತ ಬರೆದುಕೊಡೋಣ. ಬರೆದುಕೊಡ್ಲೇಬೇಕು. ಆದ್ರೆ ಎಲ್ಲಾ ಖಾಲಿ ಬಿಲ್ಲೆ ಅಂತ ಬರಿ. ಮುದ್ರೆ ಮೊದ್ಲೇ ಹೊಡೆದಿಡ್ತಿದ್ವಿ ಅಂದ್ರೆ ಲೈಸೆನ್ಸ್ ಹೋಗುತ್ತೆ. ಮೋಸಾನೂ ಹೋಗಿ ಕಸುಬೂ ಹೋಗೋದು ಯಾವ ನ್ಯಾಯ?”

“ಸುಳ್ಳಾಗುತ್ತಲ್ಲೋ.”

“ಅರವತ್ತು ಖಾಲಿ ಇತ್ತಲ್ಲ? ಪೂರ್ತಿ ಸುಳ್ಳಲ್ಲ.”

ಮೋಸ ಹೋದೆ ಎಂದು ಹೇಳಿಕೊಳ್ಳುವುದು ಒಂದು ನಾಚಿಕೆ. ಯಾಕೆ ಮೋಸ ಹೋದೆ ಎಂದು ಹೇಳಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ನುಂಗಿಕೊಂಡ ಮೇಲೆ ಎರಡನೆಯದಕ್ಕೆ ಅವಳ ಗಂಟಲಲ್ಲಿ ಜಾಗ ಉಳಿಯಲಿಲ್ಲ.

*

ಇನ್‌ಸ್ಪೆಕ್ಟರು ನಿವೃತ್ತಿಗೆ ಎರಡು ವರ್ಷ ಇದ್ದವರು, ಮೃದು ಮಾತಿನವರು. ಅವರ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಳೆಯ ಕಡತ, ಕಿಟಕಿಯ ಬಳಿ ಒಡೆದ ಬಾಯ್ಲರೊಂದರ ತುಂಡು. ಬಾಳೆಲೆಯಂತೆ ಸೀಳಿ ಸುರುಳಿಯಾದ ಕಬ್ಬಿಣ. ಅದನ್ನು ಅವರು ಕೊಡೆ ನೇತು ಹಾಕಲು ಬಳಸುತ್ತಿದ್ದರು.

ವಾಲ್ವಕ್ಕ ಬರೆದದ್ದನ್ನು ಅವರು ಎರಡು ಸಲ ಓದಿದರು. *ಮುದ್ರೆಯಿಲ್ಲದ ಖಾಲಿ ಬಿಲ್ಲೆಗಳು, ಸಂಖ್ಯೆ ಇನ್ನೂರು.*

“ಬಂದು ಹೇಳಿದ್ರಲ್ಲ, ಅದು ದೊಡ್ಡದು,” ಎಂದರು. “ಇಂಥದ್ದನ್ನ ಜನ ಮುಚ್ಚಿಡ್ತಾರಕ್ಕ. ಮರ್ಯಾದೆ ನೋಡಿ.”

ಅವಳು ಕೈಚೀಲದ ಹಿಡಿ ತಿರುಚುತ್ತ ಕೂತಿದ್ದಳು.

“ಮುದ್ರೆ ಅಚ್ಚು ನಿಮ್ಮ ಹತ್ರಾನೇ ಇದೆ ತಾನೇ?”

“ಇದೆ ಸಾರ್. ಡ್ರಾಯರಲ್ಲಿ.”

“ಅದರ ಒಂದು ಮೂಲೆ ಮುರಿದಿದೆ ಅಲ್ವಾ? ನೆನಪಿದೆ ನಂಗೆ. ಎಡಗಡೆದು.”

ಐದು ವರ್ಷದ ಹಿಂದೆ ಅಚ್ಚು ನೆಲಕ್ಕೆ ಬಿದ್ದು ತ್ರಿಕೋನದ ಎಡಮೂಲೆ ಚೂರು ಹಾರಿತ್ತು. ಅಂದಿನಿಂದ ಅವಳ ಬಿಲ್ಲೆಗಳ ಮೇಲೆ ಆ ಮೂಲೆ ಮೂಡುತ್ತಿರಲಿಲ್ಲ. ಅವಳು ಹೌದೆಂದಳು.

ಇನ್‌ಸ್ಪೆಕ್ಟರ ಮುಖ ಅರಳಿತು. “ಹಾಗಾದ್ರೆ ಕೆಲಸ ಸುಲಭ. ಖಾಲಿ ಬಿಲ್ಲೆ ಕದ್ದವನು ಹೊಸ ಅಚ್ಚು ಮಾಡಿಸ್ಕೋಬೇಕು. ಅವನು ಮೂರು ಮೂಲೆಯೂ ಇರೋ ಹಾಗೆ ಮಾಡಿಸ್ತಾನೆ. ಅವನಿಗೇನು ಗೊತ್ತು? ಎಲ್ಲಾ ಬಾಯ್ಲರಿನವರಿಗೂ ನೋಟೀಸ್ ಕಳಿಸ್ತೀನಿ. ಮೂಲೆ ಮುರಿದಿದ್ರೆ ಅಸಲಿ, ಪೂರ್ತಿ ಇದ್ರೆ ನಕಲಿ. ನೋಡಿ, ಅಚ್ಚು ಬಿದ್ದದ್ದೇ ಒಳ್ಳೇದಾಯ್ತು.”

ಕಳ್ಳನ ಕೈಯಲ್ಲಿರುವ ನೂರ ನಲವತ್ತಕ್ಕೂ ಮೂಲೆ ಮುರಿದೇ ಇತ್ತು. ಈ ನೋಟೀಸು ಹೋದರೆ ಆ ನೂರ ನಲವತ್ತನ್ನೇ ಜನ ಕಣ್ಣಿಗೊತ್ತಿಕೊಂಡು ನಂಬುತ್ತಾರೆ. ಹೇಳಬೇಕಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. “ಸಾರ್,” ಎಂದಳು ಕೂಡ.

“ಹೇಳಿ ಅಕ್ಕ.”

“ನೋಟೀಸು ಯಾವಾಗ ಹೋಗುತ್ತೆ?”

“ಇವತ್ತೇ.”

ಅವಳು ನಮಸ್ಕಾರ ಹೇಳಿ ಎದ್ದು ಬಂದಳು. ಮೆಟ್ಟಿಲಿಳಿಯುವಾಗ, ಕಳ್ಳ ಬಿಲ್ಲೆಗಳನ್ನು ಹಿತ್ತಾಳೆಯ ಬೆಲೆಗೆ ಗುಜರಿಗೆ ಹಾಕಿರಬಹುದು ಎಂದು ಲೆಕ್ಕ ಹಾಕಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಹಾಕುವ ಲೆಕ್ಕ ಅದು. ಹಿತ್ತಾಳೆ ಬೇಕಿದ್ದವನು ಲೈಸೆನ್ಸಿನ ತಾರೀಖು ತಿಳಿದುಕೊಂಡು ಫೋನು ಮಾಡುವುದಿಲ್ಲ.

*

ಮಾರನೆಯ ದಿನದಿಂದ ಫೋನುಗಳು ಬರತೊಡಗಿದವು. ಬೇಕರಿಯವನು, “ಅಕ್ಕ, ನಮ್ಮದು ಮೂಲೆ ಮುರಿದದ್ದೇ. ನಿಮ್ಮ ಕೈಚಳಕ ನಕಲು ಮಾಡೋಕಾಗುತ್ತಾ?” ಎಂದ. ಆಸ್ಪತ್ರೆಯ ಅಡುಗೆಯವಳು ಹತ್ತು ನಿಮಿಷ ಅನುಕಂಪ ತೋರಿಸಿದಳು. ತನ್ನ ಭಾವಮೈದುನನೂ ಹೀಗೇ ಮೋಸ ಹೋದದ್ದು, ಅವನು ಇವತ್ತಿಗೂ ಫೋನು ರಿಂಗಾದರೆ ಬೆಚ್ಚುವುದು ಎಲ್ಲ ಹೇಳಿದಳು. ಪ್ರತಿಯೊಬ್ಬರು ಫೋನಿಟ್ಟ ಮೇಲೂ ವಾಲ್ವಕ್ಕ ತನ್ನ ಪರೀಕ್ಷೆಯ ಪುಸ್ತಕ ತೆಗೆದು ನೋಡುತ್ತಿದ್ದಳು. ಬೇಕರಿ ಇತ್ತು. ಆಸ್ಪತ್ರೆ ಇತ್ತು. ಒಂದೊಂದು ಹೆಸರು ಸಿಕ್ಕಾಗಲೂ ಉಸಿರು ಬಿಡುತ್ತಿದ್ದಳು.

ಊಟ ಸೇರುತ್ತಿರಲಿಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೀದಿಯಲ್ಲಿ ಕುಕ್ಕರ್ ಕೂಗಿದರೂ ತಲೆಯೆತ್ತಿ ಎಣಿಸುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಒಂದು ಹೊಸ ದನಿ ಬಂತು. “ಅಮ್ಮ, ನಾನು ಸೇತುವೆ ಆಚೆ ಲಾಂಡ್ರಿ ಯಜಮಾನ. ನೋಟೀಸ್ ನೋಡಿ ಎದೆ ಧಸಕ್ಕೆಂದಿತ್ತು. ಈಗ ಏಣಿ ಹಾಕಿ ನೋಡ್ಸಿದೆ. ನಿಮ್ಮ ಬಿಲ್ಲೆ ಅಸಲಿ, ಮೂಲೆ ಮುರಿದೇ ಇದೆ. ಥ್ಯಾಂಕ್ಸ್ ಹೇಳೋಣ ಅಂತ.”

ಸೇತುವೆಯಾಚೆಯ ಲಾಂಡ್ರಿಯ ಒಳಗೆ ಅವಳು ಜೀವಮಾನದಲ್ಲಿ ಕಾಲಿಟ್ಟಿರಲಿಲ್ಲ.

“ತಿಂಗಳು ಯಾವುದು ಹೊಡೆದಿದೆ ಯಜಮಾನ್ರೇ?” ಎಂದು ಕೇಳಿದಳು. ಅವಳ ದನಿ ಅವಳಿಗೇ ದೂರದಿಂದ ಕೇಳಿದಂತಿತ್ತು.

“ಈ ತಿಂಗಳದ್ದೇ. ಹೊಸ ವಾಲ್ವು. ಹೋದ ವಾರ ಹಾಕಿದ್ದು. ಯಾಕೆ?”

“ಉರಿ ಆರಿಸಿ. ನಾನು ಬರ್ತಿದೀನಿ.”

“ಅಯ್ಯೋ, ಏನು ತಮಾಷೆನಾ? ಎರಡು ಆಸ್ಪತ್ರೆ ಬಟ್ಟೆ ಬಂದು ಬಿದ್ದಿದೆ,” ಎಂದು ಅವನು ಫೋನಿಟ್ಟ. ತಿರುಗಿ ಮಾಡಿದಾಗ ತೆಗೆಯಲಿಲ್ಲ.

*

ಲಾಂಡ್ರಿ ಉದ್ದನೆಯ ತಗಡಿನ ಶೆಡ್ಡು. ಮುಂದೆ ಒಗೆಯುವ ಯಂತ್ರಗಳು, ನಡುವೆ ಬಿಸಿ ಉರುಳೆಗಳಲ್ಲಿ ಬಿಳಿ ಹಾಸುಗಳನ್ನು ಇಸ್ತ್ರಿ ಮಾಡುತ್ತಿದ್ದ ಒಂಬತ್ತು ಹೆಂಗಸರು. ಹಿಂದೆ, ಒಂದು ಇಟ್ಟಿಗೆಯ ಅಡ್ಡಗೋಡೆಯ ಆಚೆ, ಬಾಯ್ಲರು. ವಾಲ್ವಕ್ಕ ಯಾರನ್ನೂ ಕೇಳದೆ ನೇರ ಹಿಂದಕ್ಕೆ ನಡೆದಳು. ಹೆಂಗಸರಲ್ಲಿ ಒಬ್ಬಳು ಏನೋ ಹೇಳಿ ನಗುತ್ತಿದ್ದಳು. ಅವಳಿಗೂ ಬಾಯ್ಲರಿಗೂ ನಡುವೆ ಹನ್ನೆರಡು ಹೆಜ್ಜೆ. ಅದನ್ನು ವಾಲ್ವಕ್ಕ ಎಣಿಸಿದಳು.

ಬಾಯ್ಲರ್ ನೋಡಿಕೊಳ್ಳುವವನು ಅರವತ್ತರ ಆಸುಪಾಸಿನ ಒಣಕಲು ಮನುಷ್ಯ. ಬೆನ್ನಿಗೇ ಯಜಮಾನನೂ ಕೈ ಒರೆಸಿಕೊಳ್ಳುತ್ತ ಬಂದ. ಒತ್ತಡ ತೋರಿಸುವ ಗೇಜಿನ ಮುಳ್ಳು ಆರೂಕಾಲರಲ್ಲಿತ್ತು. ಏಳರ ಮೇಲೆ ಕೆಂಪು ಗೆರೆ. ಉರಿಯನ್ನು ತಾನಾಗಿ ನಿಲ್ಲಿಸಬೇಕಾದ ಸ್ವಿಚ್ಚಿನ ಎರಡು ತಂತಿಗಳನ್ನು ಯಾರೋ ಒಂದಕ್ಕೊಂದು ಹೊಸೆದು ಟೇಪು ಸುತ್ತಿದ್ದರು.

“ಸ್ವಿಚ್ ಕೆಟ್ಟಿದೆ ಅಮ್ಮ, ನಾನೇ ಕಣ್ಣಲ್ಲಿ ನೋಡ್ಕೊಂಡು ಆರಿಸ್ತೀನಿ. ಮೇಲೆ ವಾಲ್ವ್ ಇದೆಯಲ್ಲ,” ಎಂದ ಬಾಯ್ಲರಿನವನು.

ವಾಲ್ವಕ್ಕ ಏಣಿ ಹತ್ತಿದಳು. ವಾಲ್ವಿಗೆ ಹೊಸ ಬಣ್ಣ. ಬಣ್ಣದ ಕೆಳಗೆ ತುಕ್ಕಿನ ಉಬ್ಬುಗಳು. ಗುಜರಿಯಿಂದ ಎತ್ತಿದ್ದನ್ನು ಬಣ್ಣದ ಡಬ್ಬದಲ್ಲಿ ಅದ್ದಿ ತೆಗೆದಿದ್ದರು. ಪಕ್ಕದಲ್ಲಿ, ಆವಿಯ ಬಿಸಿಗೆ ಮಂಕಾಗುತ್ತಿದ್ದ ಹಿತ್ತಾಳೆ ಬಿಲ್ಲೆ. ತ್ರಿಕೋನ, ಎಡಮೂಲೆ ಇಲ್ಲ. 417. ಅದು ಅವಳು ಹೊಡೆದ ಏಟು. ಯಾವ ಮಧ್ಯಾಹ್ನ ಎಂದು ಮಾತ್ರ ಗೊತ್ತಿಲ್ಲ.

ಇಳಿದು, “ಕೆಳಗಿಂದ ಸರಪಣಿ ಎಳೀರಿ,” ಎಂದಳು. ವಾಲ್ವಿನ ಸನ್ನೆಗೋಲಿಗೆ ಕಟ್ಟಿದ ಸರಪಣಿ ಅದು. ಈ ಒತ್ತಡದಲ್ಲಿ ಎಳೆದರೆ ವಾಲ್ವ್ ಬಾಯಿ ಬಿಟ್ಟು ಚೀರಬೇಕು. ಬಾಯ್ಲರಿನವನು ಒಂದು ಕೈಯಲ್ಲಿ ಎಳೆದ. ಆಮೇಲೆ ಎರಡು ಕೈಯಲ್ಲಿ. ಸರಪಣಿ ತಂತಿಯಂತೆ ಬಿಗಿಯಿತು. ಸನ್ನೆಗೋಲು ಅಲ್ಲಾಡಲಿಲ್ಲ.

“ಹೊಸದು. ಬಿಗಿ ಇರುತ್ತೆ,” ಎಂದ ಯಜಮಾನ.

“ಹೊಸದಲ್ಲ. ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಇದು ಹಾರಲ್ಲ. ಉರಿ ಆರಿಸಿ, ಹೆಂಗಸರನ್ನ ಹೊರಗೆ ಕಳಿಸಿ.”

“ಯಾರು ತಾಯೀ ನೀವು?”

“417 ನಾನೇ. ಬಿಲ್ಲೆ ನಂದು.”

“ಬಿಲ್ಲೆ ನಿಮ್ದು. ನೀವೇ ಪರೀಕ್ಷೆ ಮಾಡಿ ಕಟ್ಟಿರೋದು. ಈಗ ನೀವೇ ಹಾರಲ್ಲ ಅಂತೀರಾ?”

“ಈ ವಾಲ್ವನ್ನ ನಾನು ನೋಡೇ ಇಲ್ಲ. ಇದು ನಕಲಿ.”

ಯಜಮಾನ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಇನ್‌ಸ್ಪೆಕ್ಟರ ನೋಟೀಸು. ಅದನ್ನು ಬಿಡಿಸಿ ಅವಳ ಮುಖದ ಮುಂದೆ ಹಿಡಿದ. “ಓದಿ. ‘ಎಡಮೂಲೆ ಮುರಿದಿರುವ ಮುದ್ರೆಯು ಅಸಲಿಯಾಗಿರುತ್ತದೆ.’ ಸರ್ಕಾರಿ ಸೀಲಿದೆ. ಇದನ್ನ ನಂಬ್ಲಾ, ನಿಮ್ಮನ್ನ ನಂಬ್ಲಾ?” ಅವನಿಗೆ ಏನೋ ಹೊಳೆದಂತೆ ಕಣ್ಣು ಕಿರಿದಾಯಿತು. “ಓಹೋ. ಗೊತ್ತಾಯ್ತು ಬಿಡಿ. ಮೋಸ ಹೋದವಳ ಹೆಸರು ಹೇಳ್ಕೊಂಡು ಮನೆ ಮನೆಗೆ ಬಂದು, ಇದು ಕೆಟ್ಟಿದೆ, ಹೊಸದು ನಾನು ಕೊಡ್ತೀನಿ ಅನ್ನೋದು. ಇದೂ ಒಂದು ದಂಧೆನಾ?”

ಮುಳ್ಳು ಆರೂವರೆ ದಾಟಿತ್ತು. ಆಕಡೆ ಉರುಳೆಗಳು ಒಂದು ಕ್ಷಣ ನಿಂತಿದ್ದವು. ಆವಿ ಹೋಗಲು ಜಾಗವಿಲ್ಲದೆ ಮುಳ್ಳು ಇನ್ನಷ್ಟು ಏರುತ್ತಿತ್ತು. ಬಾಯ್ಲರಿನ ಒಳಗಿಂದ ಬಂದ ಸದ್ದು ಅವಳಿಗೆ ಪರಿಚಯದ್ದು, ತಳದಲ್ಲಿ ಯಾರೋ ದಪ್ಪ ಬಟ್ಟೆ ಹರಿಯುತ್ತಿರುವಂಥದ್ದು. ಅವನಿಗೆ ಇನ್ನೊಂದು ಸುಳ್ಳು ಹೇಳಿ ಉರಿ ಆರಿಸಬಹುದೇ ಎಂದು ಅವಳ ಬುದ್ಧಿ ಹುಡುಕಿತು. ಗೇಜು ಕೆಟ್ಟಿದೆ ಎನ್ನಬಹುದು, ಎಣ್ಣೆ ಸೋರುತ್ತಿದೆ ಎನ್ನಬಹುದು. ಆರಿಸಿಯಾನು. ಅವಳು ಬೆನ್ನು ತಿರುಗಿಸಿದ ಮೇಲೆ ಹಾಳೆ ನೋಡಿ ಮತ್ತೆ ಹಚ್ಚಿಯಾನು. ಆ ಹಾಳೆಯ ಬಾಯಿ ಮುಚ್ಚಿಸಲು ಇದ್ದದ್ದು ಒಂದೇ ಮಾತು.

ಅವಳು ಫೋನು ತೆಗೆದು ಇನ್‌ಸ್ಪೆಕ್ಟರ ನಂಬರು ಒತ್ತಿ, ಸ್ಪೀಕರಿಗೆ ಹಾಕಿದಳು.

“ಹೇಳಿ ಅಕ್ಕ.”

“ಸಾರ್, ನಾನು ಬರೆದುಕೊಟ್ಟಿದ್ದು ಸುಳ್ಳು. ಖಾಲಿ ಬಿಲ್ಲೆ ಅರವತ್ತೇ. ಉಳಿದ ನೂರ ನಲವತ್ತಕ್ಕೆ ಮುದ್ರೆ ಹೊಡೆದಿತ್ತು. ಪರೀಕ್ಷೆಗೆ ಮುಂಚೇನೇ ನಾನೇ ಹೊಡೆದಿಟ್ಟಿದ್ದೆ. ಎಲ್ಲದಕ್ಕೂ ಮೂಲೆ ಮುರಿದಿದೆ. ನಿಮ್ಮ ನೋಟೀಸು ತಪ್ಪು. ನನ್ನಿಂದ ತಪ್ಪು. ಸೇತುವೆ ಆಚೆ ಲಾಂಡ್ರಿ ಬಾಯ್ಲರ್ ಮುಂದೆ ನಿಂತಿದೀನಿ, ವಾಲ್ವ್ ಕಚ್ಚಿಕೊಂಡಿದೆ, ಇಲ್ಲಿ ನನ್ನ ಮಾತು ಯಾರೂ ನಂಬ್ತಿಲ್ಲ.”

ಫೋನಿನಲ್ಲಿ ಕುರ್ಚಿ ಸರಿದ ಸದ್ದು ಕೇಳಿತು.

ಬಾಯ್ಲರಿನವನು ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ಮೂರು ಹೆಜ್ಜೆಯಲ್ಲಿ ಹೋಗಿ ಎಣ್ಣೆಯ ಕೊಳವೆಯ ನಲ್ಲಿ ತಿರುಗಿಸಿದ. ಉರಿ ಬುಸ್ಸೆಂದು ಆರಿತು.

“ಏಯ್! ಯಾರು ಹೇಳಿದ್ದು ನಿಂಗೆ?”

“ದುಡ್ಡು ಹೊಡೆಯೋಕೆ ಬಂದವರು ಊರಿನವರ ಮೇಲೆ ತಪ್ಪು ಹೊರಿಸ್ತಾರೆ ಯಜಮಾನ್ರೇ, ತಮ್ಮ ಮೇಲೆ ಹೊತ್ಕೊಳಲ್ಲ,” ಎಂದ ಅವನು. ಅಡ್ಡಗೋಡೆಯ ಆಚೆಗೆ ಹೋಗಿ ಕೂಗಿದ. “ಎಲ್ಲಾ ಹೊರಗೆ ನಡೀರಿ ತಾಯಂದಿರೇ. ಬಟ್ಟೆ ಬಿಡಿ. ಬಿಡಿ ಅಂದೆ!”

ಉರಿ ಆರಿದ ಮೇಲೂ ಮುಳ್ಳು ಒಂದಷ್ಟು ಹೊತ್ತು ಮೇಲಕ್ಕೇ ಹೋಯಿತು. ಒಲೆಯೊಳಗಿನ ಬಿಸಿ ಇಟ್ಟಿಗೆಯ ಕಾವು ಹಾಗೆ. ಏಳು ಮುಟ್ಟಿತು. ಏಳರ ಕೆಂಪು ಗೆರೆ ದಾಟಿ ಒಂದು ಕೂದಲೆಳೆ ಆಚೆ ಹೋಯಿತು. ಹಾರಬೇಕಾಗಿದ್ದ ವಾಲ್ವ್ ಕಲ್ಲಿನಂತೆ ಕೂತಿತ್ತು. ಅದನ್ನು ಯಜಮಾನ ಅಡ್ಡಗೋಡೆಯ ಬಾಗಿಲಲ್ಲಿ ನಿಂತು ನೋಡಿದ. ಅವನ ಕೈಯಲ್ಲಿದ್ದ ನೋಟೀಸು ಬೆವರಿಗೆ ಒದ್ದೆಯಾಗಿತ್ತು. ಹೆಂಗಸರು ರಸ್ತೆಯಾಚೆ ಗುಂಪಾಗಿ ನಿಂತು, ಏನಾಯ್ತು ಏನಾಯ್ತು ಎಂದು ಕೇಳುತ್ತಿದ್ದರು. ಹದಿನೇಳು ನಿಮಿಷದ ಮೇಲೆ ಮುಳ್ಳು ಇಳಿಯತೊಡಗಿತು.

ಫೋನು ಇನ್ನೂ ಕಟ್ಟಾಗಿರಲಿಲ್ಲ. “ಅಕ್ಕ,” ಎಂದರು ಇನ್‌ಸ್ಪೆಕ್ಟರು. ಮೃದುತನ ಹೋಗಿತ್ತು. “ನಾಲ್ಕು ದಿನ ಆಯ್ತು ಆ ನೋಟೀಸ್ ಹೋಗಿ. ಈ ನಾಲ್ಕು ದಿನದಲ್ಲಿ ಎಷ್ಟು ಜನ ಅದನ್ನ ನೋಡಿ ನಿದ್ದೆ ಮಾಡಿದಾರೋ. ಆವತ್ತು ಇಲ್ಲೇ ಕೂತು ‘ಸಾರ್’ ಅಂದ್ರಿ. ಆವಾಗ್ಲೇ ಹೇಳ್ಬೋದಿತ್ತು.”

“ಹೇಳ್ಬೋದಿತ್ತು,” ಎಂದಳು.

*

ಹೊಸ ನೋಟೀಸು ಅಂದೇ ಮಧ್ಯಾಹ್ನ ಹೋಯಿತು. ಈ ತಿಂಗಳ ತಾರೀಖಿರುವ 417ರ ಬಿಲ್ಲೆ ಎಲ್ಲಿ ಕಂಡರೂ, ಮೂಲೆ ಇರಲಿ ಬಿಡಲಿ, ಉರಿ ಆರಿಸಿ ಎಂದಿತ್ತು. ಎರಡನೆಯ ಹೇಳಿಕೆಯನ್ನು ವಾಲ್ವಕ್ಕ ಕಚೇರಿಯಲ್ಲಿ ಕೂತು ಕೈಯಾರೆ ಬರೆದಳು. ಯಾರು ಹಾಗೆ ಬರೆಯಲು ಹೇಳಿದರು ಎಂದು ಗುಮಾಸ್ತೆ ಕೇಳಿದಾಗ, “ಸಹಿ ನಂದು,” ಎಂದಳು. ತಮ್ಮನ ಹೆಸರು ಎತ್ತಲಿಲ್ಲ. ಮುದ್ರೆಯ ಅಚ್ಚನ್ನು ಮೇಜಿನ ಮೇಲಿಟ್ಟಳು. ಲೈಸೆನ್ಸು ಎರಡು ವರ್ಷಕ್ಕೆ ರದ್ದಾಯಿತು.

ತಮ್ಮ ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ, “ನನ್ನ ಹೆಸರೂ ಹೇಳ್ಬೇಕಿತ್ತು ನೀನು. ಹಾಗೆ ಬರಿ ಅಂದಿದ್ದು ನಾನು,” ಎಂದ.

“ನೀನು ಅಂದೆ. ಬರೆದದ್ದು ನಾನು.”

“ಈಗೇನ್ ಮಾಡ್ತೀಯಾ?”

“ಹುಡುಕ್ತೀನಿ.”

ನೀಲಿ ಅಂಗಿಯವನು ಸಿಗಲಿಲ್ಲ. ಲಾಂಡ್ರಿಗೆ ವಾಲ್ವು ಮಾರಿದ್ದು ಒಂದು ವ್ಯಾನು, ಅದರ ನಂಬರ್ ಪ್ಲೇಟು ಯಾವುದೋ ಸ್ಕೂಟರಿನದು. ತಿಂಗಳ ಕೊನೆಗೆ ನೂರ ನಲವತ್ತರಲ್ಲಿ ಐವತ್ತಮೂರು ಬಿಲ್ಲೆ ಸಿಕ್ಕವು. ಒಂದು ಸೋಪು ಕಾರ್ಖಾನೆಯಲ್ಲಿ ಒಂದೇ ಜಾಗದಲ್ಲಿ ಆರು. ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ, ಮುನ್ನೂರು ಮಕ್ಕಳು ಊಟಕ್ಕೆ ಕೂರುವ ಹಜಾರದ ಗೋಡೆಯಾಚೆ, ಒಂದು. ಎಂಬತ್ತೇಳು ಇನ್ನೂ ಎಲ್ಲೋ ಇದ್ದವು. ಕೆಲವು ಈ ಊರಿನಲ್ಲಿ, ಕೆಲವು ನೋಟೀಸು ತಲುಪದ ಊರುಗಳಲ್ಲಿ. ತಲುಪಿದ ಕಡೆಯೂ ಕೆಲವರು ಎರಡನೆಯದನ್ನು ಓದಿರಲಿಲ್ಲ. ಮೊದಲನೆಯದನ್ನು ಗೋಡೆಗೆ ಅಂಟಿಸಿಕೊಂಡು ನೆಮ್ಮದಿಯಾಗಿದ್ದರು.

ವಾಲ್ವಕ್ಕ ದಿನಾ ಬೆಳಿಗ್ಗೆ ಎಂಟಕ್ಕೆ ಹೊರಡುತ್ತಿದ್ದಳು. ಕೈಯಲ್ಲಿ ಇನ್‌ಸ್ಪೆಕ್ಟರು ಸಹಿ ಮಾಡಿದ ಒಂದು ಪತ್ರ, ಕಾಲಲ್ಲಿ ದಪ್ಪ ಅಟ್ಟೆಯ ಚಪ್ಪಲಿ. ಬಸ್ಸಿನ ಕಿಟಕಿಯಿಂದ ಆಕಾಶ ನೋಡುತ್ತಿದ್ದಳು. ಹೊಗೆ ಬೇರೆ, ಆವಿ ಬೇರೆ. ಬಿಳಿಯದು ಎದ್ದ ಕಡೆ ಇಳಿದುಬಿಡುತ್ತಿದ್ದಳು. ಎಷ್ಟೋ ಕಡೆ ಬೈಸಿಕೊಂಡಳು. ಒಂದು ಕಡೆ ನಾಯಿ ಬಿಟ್ಟರು. ಅವಳ ಕಥೆ ಕೇಳಿದ ಒಬ್ಬ ಪರೀಕ್ಷಕ, ಅಪ್ಪನ ಕಾಲದ ಗೆಳೆಯ, ಬೀದಿಯಲ್ಲಿ ಎದುರಾದಾಗ ಬೇರೆ ಕಡೆ ತಿರುಗಿದ. ಅವನ ಡ್ರಾಯರಿನಲ್ಲಿ ಈಗ ಎಷ್ಟು ಸರ ಇವೆಯೋ ಎಂದು ಅವಳು ಯೋಚಿಸಿದಳು.

ಆ ಗುರುವಾರ ಅವಳು ಇಳಿದದ್ದು ಊರ ಹೊರಗಿನ ಬಣ್ಣದ ಕಾರ್ಖಾನೆಯೊಂದರ ಮುಂದೆ. ಗೇಟಿನ ಕಾವಲುಗಾರ ಬಿಸಿಲಿಗೆ ಪೇಪರು ಮರೆಮಾಡಿಕೊಂಡು ಕೂತಿದ್ದ.

“ಒಳಗೆ ಬಾಯ್ಲರ್ ಇದೆಯಾ?”

“ಇರ್ದೆ ಏನು? ಯಾರು ನೀವು, ಕಂಪನಿಯವರಾ?”

“ಅಲ್ಲಪ್ಪ. ವಾಲ್ವ್ ಬಿಲ್ಲೆ ವಿಷಯದಲ್ಲಿ ಮೋಸ ಹೋದವಳು ನಾನು. ಆಮೇಲೆ ಅದರ ಬಗ್ಗೆ ಸುಳ್ಳು ಬರೆದವಳೂ ನಾನೇ. ನಿಮ್ಮ ಬಾಯ್ಲರ್ ಮೇಲೆ ನನ್ನ ಬಿಲ್ಲೆ ಇದೆಯಾ ಅಂತ ನೋಡ್ಬೇಕು.”

ಅವನು ಪೇಪರು ಇಳಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಇಂಥ ಪರಿಚಯ ಅವನು ಕೇಳಿರಲಿಲ್ಲ.

“ಸಾಹೇಬ್ರು ಊಟಕ್ಕೆ ಹೋಗಿದಾರೆ. ಎರಡು ಗಂಟೆಗೆ ಬನ್ನಿ.”

“ಉರಿ ಆರಿಸಿ ಹೋಗಿದಾರಾ?”

“ಉರಿ ಯಾಕೆ ಆರಿಸ್ತಾರೆ?” ಎಂದು ಅವನು ನಕ್ಕ. “ಮೇಲೆ ವಾಲ್ವ್ ಇದೆಯಲ್ಲಮ್ಮ.”

ಆಗ ಹನ್ನೆರಡೂ ಮುಕ್ಕಾಲು. ಶೆಡ್ಡಿನ ಚಾವಣಿಯ ಮೇಲೆ ಆವಿ ಏಳುತ್ತಿರಲಿಲ್ಲ. ಐದು ನಿಮಿಷದ ಹಿಂದೆ, ಅವಳು ಬಸ್ಸಿನಲ್ಲಿದ್ದಾಗ, ಏಳುತ್ತಿತ್ತು. ಯಂತ್ರಗಳನ್ನು ಊಟಕ್ಕೆ ನಿಲ್ಲಿಸಿದ್ದರು, ಆವಿ ಬಾಯ್ಲರಿನ ಒಳಗೇ ಉಳಿದಿತ್ತು. ಉರಿ ಮಾತ್ರ ಉರಿಯುತ್ತಿತ್ತು. ಗೋಡೆಯಾಚೆಯಿಂದ ಅದರ ಸದ್ದು ಕೇಳುತ್ತಿತ್ತು.

“ಗೇಟು ತೆಗಿಯಪ್ಪ,” ಎಂದು ಅವಳು ಚಿಲಕಕ್ಕೆ ತಾನೇ ಕೈ ಹಾಕಿದಳು.